ಸೋದರಮಾವನ ತೊಡೆ, ಶುದ್ಧವಾದ ಸೂಜಿ

ಮಗುವಿಗೆ ಕಿವಿ ಚುಚ್ಚಿಸಬೇಕೆಂದರೆ ನಮ್ಮ ಮನೆಗಳಲ್ಲಿ ಮೊದಲು ಪಂಚಾಂಗ ಹೊರಬರುತ್ತದೆ. ಆಮೇಲೆ ಅಕ್ಕಸಾಲಿಗರಿಗೆ ಫೋನು, ಎಷ್ಟು ಗ್ರಾಂ ಬಂಗಾರ ಎಂಬ ಲೆಕ್ಕ, ಸೋದರಮಾವನಿಗೆ ಅವತ್ತು ರಜೆ ಸಿಕ್ಕೀತೇ ಎಂಬ ವಿಚಾರಣೆ, ಬಂದವರಿಗೆ ಹೋಳಿಗೆಯೋ ಪಾಯಸವೋ ಎಂಬ ಚರ್ಚೆ. ಇಷ್ಟೆಲ್ಲ ಮಾತಾದರೂ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಚುಚ್ಚುವ ಸೂಜಿ ಎಲ್ಲಿಂದ ಬರುತ್ತದೆ? ನಮ್ಮ ಮಗುವಿಗಿಂತ ಮುಂಚೆ ಅದು ಯಾರ ಕಿವಿಯೊಳಗೆ ಹೋಗಿತ್ತು?

ಶಾಸ್ತ್ರ ಬೇಡವೆಂದು ಹೇಳಲು ಈ ಪ್ರಶ್ನೆ ಎತ್ತುತ್ತಿಲ್ಲ. ಮಗುವಿನ ಬದುಕಿನ ಮೊದಲ ಕೆಲವು ಹಬ್ಬಗಳಲ್ಲಿ ಇದೂ ಒಂದು. ಅಜ್ಜಿಯರಿಗೆ ಇದರಿಂದ ಸಿಗುವ ಸಂತೋಷ ಸಣ್ಣದಲ್ಲ. ಆದರೆ ಶಾಸ್ತ್ರ ಬೇರೆ, ಚುಚ್ಚುವ ಕೆಲಸ ಬೇರೆ. ಚುಚ್ಚುವುದು ಎಷ್ಟು ಪುಟ್ಟದಾದರೂ ಒಂದು ಶಸ್ತ್ರಚಿಕಿತ್ಸೆಯೇ. ಚರ್ಮ ಸೀಳುತ್ತದೆ, ರಕ್ತ ಬರುತ್ತದೆ, ಆ ಗಾಯದೊಳಗೆ ಒಂದು ಲೋಹದ ಕಡ್ಡಿ ವಾರಗಟ್ಟಲೆ ಕೂತಿರುತ್ತದೆ. ಶಾಸ್ತ್ರವನ್ನು ಮನೆಯ ಕ್ರಮದಂತೆ ಮಾಡೋಣ. ಚುಚ್ಚುವುದನ್ನು ಮಾತ್ರ ವೈದ್ಯರು ಸೂಜಿಮದ್ದು ಕೊಡುವಷ್ಟೇ ಎಚ್ಚರಿಕೆಯಿಂದ ಮಾಡಿಸೋಣ.

ಕರ್ನಾಟಕದಲ್ಲಿ ಇದಕ್ಕೆ ಒಂದೇ ಕ್ರಮವಿಲ್ಲ. ಹುಟ್ಟಿದ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ನಾಮಕರಣದ ಜೊತೆಯಲ್ಲೇ ಮುಗಿಸಿಬಿಡುವ ಮನೆತನಗಳಿವೆ. ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲಿ ಮನೆದೇವರ ಗುಡಿಗೆ ಹೋಗಿ, ಜವಳ ತೆಗೆಸಿ, ಅಲ್ಲಿಯೇ ಕಿವಿಯನ್ನೂ ಚುಚ್ಚಿಸಿಕೊಂಡು ಬರುವವರಿದ್ದಾರೆ. ಬೆಸ ತಿಂಗಳು, ಬೆಸ ವರ್ಷ ನೋಡುವವರೂ ಉಂಟು. ಹೆಣ್ಣುಮಗುವಾದರೆ ತಪ್ಪದೆ, ಗಂಡುಮಗುವಾದರೆ ಮನೆಯ ಪದ್ಧತಿ ಇದ್ದಂತೆ. ಬಹಳ ಕಡೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಹಕ್ಕು ಸೋದರಮಾವನದು, ಓಲೆ ತರುವ ಹೊಣೆಯೂ ಅವನದೇ. ಹಿಂದೆ ನಮ್ಮ ಅಕ್ಕಸಾಲಿಗರು, ಉತ್ತರ ಕರ್ನಾಟಕದ ಪತ್ತಾರರು, ತುದಿ ಮಸೆದ ಬಂಗಾರದ ತಂತಿಯನ್ನೇ ಹಾಲೆಯಲ್ಲಿ ತೂರಿಸಿ, ಅದನ್ನೇ ಬಾಗಿಸಿ ರಿಂಗು ಮಾಡಿಬಿಡುತ್ತಿದ್ದರು. ಕೈ ಪಳಗಿತ್ತು, ಕಣ್ಣು ಚುರುಕಾಗಿತ್ತು. ಅವರ ಕೈಗೆ ಸಿಗದೆ ಉಳಿದದ್ದು ಒಂದೇ, ಕಣ್ಣಿಗೆ ಕಾಣದ ರೋಗಾಣು.

ಮೊದಲು ದಿನದ ವಿಚಾರ. ಹನ್ನೊಂದನೆಯ, ಹನ್ನೆರಡನೆಯ ದಿನ ಚುಚ್ಚಿಸುವುದು ಬೇಡ ಎಂದು ನಾನು ಒತ್ತಿ ಹೇಳುತ್ತೇನೆ. ಆ ವಯಸ್ಸಿನ ಕೂಸಿನ ಮೈಗೆ ಸೋಂಕಿನೊಡನೆ ಹೋರಾಡುವ ಬಲ ಇನ್ನೂ ಬಂದಿರುವುದಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ಮಕ್ಕಳ ವೈದ್ಯರು ಅದನ್ನು ತುರ್ತು ಸಂಗತಿಯೆಂದೇ ನೋಡುತ್ತಾರೆ; ರಕ್ತ ಪರೀಕ್ಷೆ, ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವುದು, ಎಲ್ಲವೂ ಬರುತ್ತದೆ. ಒಂದು ಓಲೆಗಾಗಿ ಬಾಣಂತಿಯನ್ನೂ ಕೂಸನ್ನೂ ಆ ಸಂಕಟಕ್ಕೆ ದೂಡುವುದೇಕೆ?

ಪಂಚಾಂಗದ ಪಕ್ಕದಲ್ಲಿ ತಾಯಿ ಕಾರ್ಡನ್ನೂ ಇಟ್ಟುಕೊಳ್ಳಿ. ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸು ಹಾಕಿರುತ್ತಾರೆ. ಆಮೇಲೆ 6, 10 ಮತ್ತು 14ನೆಯ ವಾರಗಳಲ್ಲಿ ಪೆಂಟಾವೇಲೆಂಟ್ ಎಂಬ ಪಂಚರೋಗ ಲಸಿಕೆ. ಗಂಟಲಮಾರಿ, ನಾಯಿಕೆಮ್ಮು, ಹಿಬ್ ರೋಗಾಣುವಿನ ಜೊತೆಗೆ ಧನುರ್ವಾಯು ಮತ್ತು ಹೆಪಟೈಟಿಸ್ ಬಿ ಕೂಡ ಇದರಲ್ಲಿವೆ. ಕಿವಿ ಚುಚ್ಚುವ ಮಟ್ಟಿಗೆ ಮುಖ್ಯವಾದವು ಈ ಕೊನೆಯ ಎರಡು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ಧೂಳಿನಲ್ಲಿ, ಸಗಣಿಯಲ್ಲಿ ಗಟ್ಟಿ ಕವಚ ತೊಟ್ಟು ವರ್ಷಗಟ್ಟಲೆ ಮಲಗಿರಬಲ್ಲದು. ನೀರು ಕುದಿಸಿದರೂ, ಸ್ಪಿರಿಟ್ ಒರೆಸಿದರೂ ಆ ಕವಚದೊಳಗಿನ ರೋಗಾಣು ಸಾಯುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ, ಮೈಯಿಂದ ಹೊರಗೆ, ಕನಿಷ್ಠ ಏಳು ದಿನ ಬದುಕಿರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ತಾಯಂದಿರಿಗೆ ಬಸುರಿನಲ್ಲಿ ಕೊಡುವ ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ, ಮಕ್ಕಳ ಲಸಿಕೆ ಇವುಗಳಿಂದಾಗಿ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲನದ ಹಂತ ಮುಟ್ಟಿದೆಯೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನ್ನಣೆ ಕೊಟ್ಟಿತು. ಅಷ್ಟು ದೊಡ್ಡ ಗೆಲುವಿನ ಫಲ ನಮ್ಮ ಮಗುವಿಗೂ ಸಿಗಲಿ ಎಂದಿದ್ದರೆ ಮೂರನೆಯ ಡೋಸಿನವರೆಗೆ, ಅಂದರೆ ಮೂರೂವರೆ ತಿಂಗಳು, ಕಾದರೆ ಸಾಕು. ಅದರ ಮೇಲೆ ಕೆಲವು ವಾರ ಬಿಟ್ಟರೆ ಇನ್ನೂ ಒಳ್ಳೆಯದು.

ಹಿರಿಯರು ಒಪ್ಪುವುದಿಲ್ಲವೆಂಬ ಆತಂಕವಿದ್ದರೆ ಅವರ ಮುಂದೆ ಸುಶ್ರುತನ ಮಾತು ಇಡಿ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ಬಹುಪಾಲು ಕಿವಿ ಚುಚ್ಚುವುದು ಮತ್ತು ಹರಿದ ಕಿವಿಯನ್ನು ಕೂಡಿಸುವುದರ ಬಗ್ಗೆಯೇ ಇದೆ. ಅಲ್ಲಿ ಹೇಳಿದ ಕಾಲ ಆರನೆಯ ಅಥವಾ ಏಳನೆಯ ತಿಂಗಳು, ಶುಕ್ಲಪಕ್ಷ. ಮಗುವನ್ನು ದಾದಿಯ ಮಡಿಲಲ್ಲಿ ಕೂರಿಸಿ, ಆಟಿಕೆ ತೋರಿಸಿ ರಮಿಸಬೇಕು. ವೈದ್ಯ ಎಡಗೈಯಿಂದ ಕಿವಿಯನ್ನು ಎಳೆದು ಹಿಡಿದು, ಬಿಸಿಲು ಹಾಯ್ದು ಕಾಣುವ ತೆಳುವಾದ ಜಾಗ ಹುಡುಕಿ, ಬಲಗೈಯಿಂದ ನಿಧಾನಕ್ಕೆ, ನೇರಕ್ಕೆ ಚುಚ್ಚಬೇಕು. ಗಂಡುಮಗುವಿಗೆ ಮೊದಲು ಬಲಗಿವಿ, ಹೆಣ್ಣುಮಗುವಿಗೆ ಎಡಗಿವಿ. ಜಾಗ ತಪ್ಪಿದರೆ ರಕ್ತ ಹೆಚ್ಚು ಹರಿಯುತ್ತದೆ, ಕಾಲಿಕಾ, ಮರ್ಮರಿಕಾ, ಲೋಹಿತಿಕಾ ಎಂಬ ಸಿರೆಗಳಿಗೆ ಪೆಟ್ಟಾದರೆ ಜ್ವರ, ಊತ, ನೋವು ಕಾಡುತ್ತವೆ ಎಂಬ ಎಚ್ಚರಿಕೆಯೂ ಇದೆ. ತೂತಿಗೆ ಹತ್ತಿಯ ಬತ್ತಿ ಇಟ್ಟು, ಮೂರು ದಿನಕ್ಕೊಮ್ಮೆ ಸ್ವಲ್ಪ ದಪ್ಪನೆಯ ಬತ್ತಿಗೆ ಬದಲಿಸುವ ಕ್ರಮವನ್ನೂ ಹೇಳಿದ್ದಾನೆ. ಎಷ್ಟೊಂದು ತಾಳ್ಮೆಯ ವಿವರಣೆ! ಲಸಿಕೆಯ ಕಲ್ಪನೆಯೇ ಇಲ್ಲದ ಕಾಲದ ಆ ತಿಂಗಳೂ ಇಂದಿನ ಲಸಿಕೆಯ ಲೆಕ್ಕವೂ ಹೊಂದಿಕೊಂಡಿರುವುದು ಕಾಕತಾಳೀಯವೇ ಇರಬಹುದು, ಆದರೆ ಮನೆಯೊಳಗಿನ ವಾದ ಮುಗಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕಿವಿ ಚುಚ್ಚಿದರೆ ಬುದ್ಧಿ ಚುರುಕಾಗುತ್ತದೆ, ಕಣ್ಣು ಚೆನ್ನಾಗುತ್ತದೆ, ಹರ್ನಿಯಾ ಬರುವುದಿಲ್ಲ ಎಂಬ ಮಾತುಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತವೆ. ಅವಕ್ಕೆ ವೈದ್ಯಕೀಯ ಆಧಾರ ಸಿಕ್ಕಿಲ್ಲ. ಓಲೆ ಚೆಂದ ಕಾಣುತ್ತದೆ, ಮನೆಯ ಕ್ರಮ ನಡೆಯುತ್ತದೆ. ಚುಚ್ಚಿಸಲು ಅಷ್ಟು ಕಾರಣ ಸಾಕು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ನಿಲುವು ಬೇರೆ ರೀತಿಯದು. ಎಚ್ಚರಿಕೆಯಿಂದ ಮಾಡಿದರೆ ಯಾವ ವಯಸ್ಸಿನಲ್ಲೂ ಅಪಾಯ ಕಡಿಮೆ, ಆದರೂ ಮಗು ತನ್ನ ಕಿವಿಯನ್ನು ತಾನೇ ನೋಡಿಕೊಳ್ಳುವಷ್ಟು ದೊಡ್ಡದಾಗುವವರೆಗೆ ಕಾಯುವುದು ಒಳ್ಳೆಯದು ಎನ್ನುತ್ತದೆ. ಅದರಲ್ಲಿ ನ್ಯಾಯವಿದೆ. ಏಳೆಂಟು ವರ್ಷದ ಹುಡುಗಿ ಓಲೆ ಬೇಕೆಂದು ತಾನೇ ಕೇಳಿ ಚುಚ್ಚಿಸಿಕೊಂಡರೆ ಅಳುವುದೂ ಕಡಿಮೆ, ಕಿವಿ ಮುಟ್ಟಬೇಡ ಎಂದರೆ ಕೇಳುತ್ತಾಳೆ. ನನಗೆ ತೀರ ಕಷ್ಟದ್ದೆಂದು ತೋರುವುದು ಒಂದರಿಂದ ಮೂರು ವರ್ಷದ ನಡುವಿನ ಕಾಲ. ಮಗು ಒದ್ದಾಡುತ್ತದೆ, ಒಂದು ಕಿವಿ ಆದಮೇಲೆ ಇನ್ನೊಂದನ್ನು ಕೊಡುವುದಿಲ್ಲ, ಓಲೆಯನ್ನು ಎಳೆಯುತ್ತದೆ, ತಿರುಪು ಬಿಚ್ಚಿ ಬಾಯಿಗೆ ಹಾಕಿಕೊಳ್ಳುತ್ತದೆ. ಆರೇಳು ತಿಂಗಳಲ್ಲಿ ಆಗದೆ ಹೋಯಿತೇ, ಶಾಲೆಗೆ ಸೇರುವವರೆಗೆ ತಡೆಯಿರಿ. ಗಂಡುಮಕ್ಕಳ ವಿಷಯದಲ್ಲೂ ಹಾಗೆಯೇ. ಮನೆಯ ಪದ್ಧತಿ ಗಟ್ಟಿಯಿಲ್ಲದಿದ್ದರೆ ದೊಡ್ಡವನಾದಮೇಲೆ ಅವನನ್ನೇ ಕೇಳಬಹುದು.

ಇನ್ನು ಯಾರಿಂದ ಚುಚ್ಚಿಸುವುದು? ಪೇಟೆ ಬೀದಿಯ ಒಡವೆ ಅಂಗಡಿ, ಬ್ಯೂಟಿ ಪಾರ್ಲರ್, ಫ್ಯಾನ್ಸಿ ಸ್ಟೋರುಗಳ ಮುಂದೆಲ್ಲ ‘ಗನ್ ಶಾಟ್‌ನಲ್ಲಿ ಕಿವಿ, ಮೂಗು ಚುಚ್ಚಲಾಗುತ್ತದೆ’ ಎಂಬ ಬೋರ್ಡು ಕಾಣುತ್ತದೆ. ಗನ್ ಎಂದರೆ ಒಂದು ಸ್ಪ್ರಿಂಗಿನ ಯಂತ್ರ. ಸ್ಟಡ್ಡಿನ ಚೂಪು ತುದಿಯನ್ನು ಒಂದೇ ಏಟಿಗೆ ಹಾಲೆಯಲ್ಲಿ ನುಗ್ಗಿಸಿ, ಹಿಂದಿನ ಬಿರಡೆಯನ್ನು ಅದೇ ಏಟಿಗೆ ಕೂರಿಸುತ್ತದೆ. ಕ್ಷಣದಲ್ಲಿ ಮುಗಿಯುತ್ತದೆ, ಹಾಗಾಗಿ ಜನರಿಗೆ ಇಷ್ಟ. ತೊಂದರೆ ಮೂರು. ಸೂಜಿಯಷ್ಟು ಚೂಪಲ್ಲದ ಸ್ಟಡ್ಡು ಚರ್ಮವನ್ನು ಕತ್ತರಿಸುವ ಬದಲು ಜಜ್ಜಿಕೊಂಡು ಹೋಗುತ್ತದೆ. ಬಿರಡೆ ಹಾಲೆಗೆ ಒತ್ತಿಕೊಂಡು ಕೂರುವುದರಿಂದ ಊತಕ್ಕೆ ಜಾಗವಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಮಾದರಿಯ ಗನ್ನುಗಳಲ್ಲಿ ಪ್ಲಾಸ್ಟಿಕ್ ಭಾಗಗಳಿರುವುದರಿಂದ ಅವನ್ನು ಆಸ್ಪತ್ರೆಯ ಆಟೋಕ್ಲೇವ್‌ಗೆ ಹಾಕಲು ಬರುವುದಿಲ್ಲ. ಆಟೋಕ್ಲೇವ್ ಅಂದರೆ 121 ಡಿಗ್ರಿ ಸೆಲ್ಸಿಯಸ್ ಬಿಸಿಯ, ಒತ್ತಡದ ಹಬೆಯಲ್ಲಿ ಸಲಕರಣೆಗಳನ್ನು 15ರಿಂದ 20 ನಿಮಿಷ ಇಡುವ ಪೆಟ್ಟಿಗೆ. ಕವಚ ತೊಟ್ಟ ಧನುರ್ವಾಯುವಿನ ರೋಗಾಣು ಸಾಯುವುದು ಅದರಲ್ಲಿ. ಗನ್ನನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ ಮುಂದಿನ ಮಗುವಿಗೆ ಹಿಡಿದರೆ ಅದು ಶುದ್ಧಿಯಾಗಲಿಲ್ಲ. ಮಗುವಿನ ಚರ್ಮ ಮುಟ್ಟುವ ಭಾಗವೆಲ್ಲ ಒಂದೇ ಸಲ ಬಳಸಿ ಎಸೆಯುವ, ಮೊಹರಾದ ಕಾರ್ಟ್ರಿಜ್‌ನಲ್ಲಿ ಬರುವ ಹೊಸ ಸಲಕರಣೆಗಳೂ ಇವೆ. ಅಂಥದ್ದಾದರೆ ಹಾಲೆಗೆ ಬಳಸಲು ಅಡ್ಡಿಯಿಲ್ಲ.

ನನ್ನ ಆಯ್ಕೆ ವೈದ್ಯರು. ಮಕ್ಕಳ ವೈದ್ಯರು, ಕಿವಿ-ಮೂಗು-ಗಂಟಲು ತಜ್ಞರು, ಚರ್ಮದ ವೈದ್ಯರು, ಪ್ಲಾಸ್ಟಿಕ್ ಸರ್ಜನ್ನರು ಅನೇಕರು ಇದನ್ನು ಮಾಡುತ್ತಾರೆ. ಡ್ರಿಪ್ ಹಾಕುವಾಗ ಬಳಸುವ ಕ್ಯಾನುಲಾ ಸೂಜಿಯನ್ನೇ ಹಲವರು ಬಳಸುತ್ತಾರೆ. ಸೂಜಿ ಹಾಲೆಯನ್ನು ದಾಟಿದ ಮೇಲೆ ಅದರ ಸುತ್ತಲಿನ ಮೆತ್ತನೆಯ ಕೊಳವೆ ಒಳಗೇ ಉಳಿಯುತ್ತದೆ. ಓಲೆಯ ಕಡ್ಡಿಯನ್ನು ಅದರೊಳಗೆ ಸೇರಿಸಿ ಹೊರಗೆಳೆದರೆ ಓಲೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಚುಚ್ಚುವ ಮುಂಚೆ ಮರಗಟ್ಟಿಸುವ ಮುಲಾಮು ಹಚ್ಚುವುದುಂಟು. ಅದನ್ನು ಮನೆಯಲ್ಲಿ ನೀವೇ ಕೊಂಡು ಹಚ್ಚಬೇಡಿ. ಎಳೆಯ ಮಗುವಿಗೆ ಪ್ರಮಾಣ ಹೆಚ್ಚಾದರೆ ರಕ್ತದಲ್ಲಿ ಆಮ್ಲಜನಕ ಸಾಗುವುದಕ್ಕೇ ತೊಂದರೆಯಾಗುತ್ತದೆ. ಮೊಲೆ ಕುಡಿಯುವ ಮಗುವಿಗೆ ಆಗ ಹಾಲೂಡಿಸುವುದೇ ಒಳ್ಳೆಯ ನೋವು ನಿವಾರಕ. ಬಾಯಿಗೆ ಜೇನುತುಪ್ಪ ಹಚ್ಚುವ ರೂಢಿಯಿದ್ದರೆ ಒಂದು ವರ್ಷದೊಳಗಿನ ಮಗುವಿಗೆ ಖಂಡಿತ ಬೇಡ.

ಅಕ್ಕಸಾಲಿಗರ ಕೈಯಿಂದಲೇ ಆಗಬೇಕು ಎಂಬ ಮನೆಗಳೂ ಇವೆ. ತಲೆಮಾರುಗಳ ಆ ಸಂಬಂಧವನ್ನು ಗೌರವಿಸುತ್ತಲೇ ಕೆಲವು ಮಾತು ಕೇಳಬಹುದು. ಔಷಧಿ ಅಂಗಡಿಯಿಂದ ಮೊಹರಾದ ಹೊಸ ಸೂಜಿ ತಂದುಕೊಡಿ. ಅವರು ಸೋಪಿನಲ್ಲಿ ಕೈ ತೊಳೆದು ಹೊಸ ಕೈಗವಸು ಹಾಕಿಕೊಳ್ಳಲಿ. ದೀಪದಲ್ಲಿ ಸೂಜಿ ಕಾಯಿಸುವುದು ನಂಬಿಕೆಗೆ ತಕ್ಕ ಉಪಾಯವಲ್ಲ. ಎಲ್ಲ ಕಡೆ ಸಮನಾಗಿ ಕಾಯುವುದಿಲ್ಲ, ಮಸಿಯೂ ಹತ್ತುತ್ತದೆ. ಹಲವರು ಈಗ ಆರಿಸಿಕೊಂಡಿರುವ ಇನ್ನೊಂದು ದಾರಿ ನನಗೆ ಬಹಳ ಹಿಡಿಸಿದೆ: ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿ ವೈದ್ಯರಿಂದ ಚುಚ್ಚಿಸುವುದು, ಆಮೇಲೆ ಮನೆಗೆ ಬಂದು ಆರತಿ, ಊಟ, ಅಕ್ಕಸಾಲಿಗರಿಗೆ ಎಲೆ ಅಡಿಕೆಯೊಂದಿಗೆ ಕಾಣಿಕೆ.

ಜಾಗದ ಬಗ್ಗೆ ಬಿಗಿಯಾಗಿರಬೇಕು. ಮಗುವಿಗೆ ಹಾಲೆಯಲ್ಲಿ ಬಿಟ್ಟು ಬೇರೆಲ್ಲೂ ಬೇಡ. ಹಾಲೆಯಲ್ಲಿ ರಕ್ತ ಸಂಚಾರ ಚೆನ್ನಾಗಿರುವುದರಿಂದ ಗಾಯ ಬೇಗ ಮಾಯುತ್ತದೆ. ಮೇಲಿನ ಗಟ್ಟಿ ಭಾಗ ಮೃದ್ವಸ್ಥಿ. ಅದಕ್ಕೆ ತನ್ನದೇ ರಕ್ತನಾಳಗಳಿಲ್ಲ, ಸುತ್ತಲ ಪೊರೆಯಿಂದಲೇ ಪೋಷಣೆ. ಅಲ್ಲಿಗೆ ಸೋಂಕು ಹೊಕ್ಕರೆ ಪೊರೆ ಬಿಟ್ಟುಕೊಂಡು, ಮೃದ್ವಸ್ಥಿ ಸತ್ತು, ಕಿವಿ ಶಾಶ್ವತವಾಗಿ ಮುರುಟಿಹೋಗಬಹುದು. 2000ದಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಒಂದು ಪುಟ್ಟ ಒಡವೆ ಮಳಿಗೆಯಲ್ಲಿ ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡ ಹಲವು ಮಂದಿಗೆ ಹೀಗೆ ಸೋಂಕು ತಗಲಿತು. ಅವರಲ್ಲಿ ಹೆಚ್ಚಿನವರು ಹದಿಹರೆಯದವರು. ಹುಡುಕುತ್ತ ಹೋದಾಗ ಸಿಕ್ಕ ಮೂಲ, ಶುದ್ಧಿಗೆಂದೇ ಇಟ್ಟಿದ್ದ ಸ್ಪ್ರೇ ಬಾಟಲಿ. ನಮ್ಮಲ್ಲಿ ಬುಗುಡಿ ಇಟ್ಟುಕೊಂಡ ಅಜ್ಜಿಯರನ್ನು ನೋಡಿದ್ದೇವೆ, ನಿಜ. ದೊಡ್ಡವಳಾದಮೇಲೆ ಮಗಳಿಗೂ ಬುಗುಡಿಯ ಆಸೆ ಬಂದರೆ ಆಗ ನುರಿತವರ ಬಳಿ ಸೂಜಿಯಿಂದಲೇ ಚುಚ್ಚಿಸಿಕೊಳ್ಳಲಿ, ಗನ್ನಿನಿಂದ ಎಂದಿಗೂ ಬೇಡ.

ಗುರುತು ಹಾಕುವಾಗ ಮಗು ನೆಟ್ಟಗೆ ಕೂತಿರಬೇಕು, ಮಲಗಿರಬಾರದು. ಎರಡು ಕಿವಿಯೂ ಒಂದೇ ಎತ್ತರದಲ್ಲಿ ಇರುವುದಿಲ್ಲ, ಹಾಗಾಗಿ ಎದುರಿನಿಂದ ನೋಡಿ ಚುಕ್ಕೆ ಸರಿಯಿದೆಯೇ ಎಂದು ತಾಯಿಯೇ ಹೇಳಲಿ. ತೀರ ಕೆಳಗೆ ಚುಚ್ಚಿದರೆ ಮುಂದೆ ಜುಮುಕಿಯ ಭಾರಕ್ಕೆ ತೂತು ಜಗ್ಗಿ, ಒಂದು ದಿನ ಹಾಲೆಯೇ ಸೀಳಿಹೋಗುತ್ತದೆ.

ಓಲೆಯ ಲೋಹದ ವಿಷಯಕ್ಕೆ ಬಂದರೆ ಹೆದರಬೇಕಾದದ್ದು ನಿಕ್ಕಲ್‌ಗೆ. ಅಗ್ಗದ ಬಿಳಿ ಲೋಹದ ಓಲೆಗಳಲ್ಲಿ, ಕೆಲವು ಬಗೆಯ ಬಿಳಿ ಚಿನ್ನದಲ್ಲಿ ಅದು ಇರುತ್ತದೆ. ಹಸಿ ಗಾಯದ ಮೂಲಕ ಒಮ್ಮೆ ನಿಕ್ಕಲ್ ಅಲರ್ಜಿ ಹತ್ತಿತೆಂದರೆ ಜೀವನಪೂರ್ತಿ ಉಳಿಯುತ್ತದೆ. ಮುಂದೆ ವಾಚಿನ ಪಟ್ಟಿ, ಜೀನ್ಸ್ ಗುಂಡಿ ತಗಲಿದರೂ ತುರಿಕೆ. ಟೈಟಾನಿಯಂ ಎಲ್ಲಕ್ಕಿಂತ ನಿರಪಾಯ. ಬಂಗಾರವೇ ಬೇಕೆಂದರೆ 22 ಕ್ಯಾರೆಟ್, ಅಂದರೆ ಸಾವಿರಕ್ಕೆ 916 ಪಾಲು ಚಿನ್ನ ಇರುವಂಥದ್ದು. ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. 2021ರ ಜೂನ್‌ನಿಂದ ಹಂತ ಹಂತವಾಗಿ ಚಿನ್ನಕ್ಕೆ ಬಿಐಎಸ್ ಹಾಲ್‌ಮಾರ್ಕ್ ಕಡ್ಡಾಯವಾಗಿದೆ, ಆದರೆ 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ವಿನಾಯಿತಿ. ಮಗುವಿನ ಓಲೆ ಬಹುತೇಕ ಆ ತೂಕದೊಳಗೇ ಬರುತ್ತದೆ. ಹಾಗಾಗಿ ಅತಿ ಎಳೆಯ ಚರ್ಮಕ್ಕೆ ತಾಗುವ ಬಂಗಾರವೇ ಕಾನೂನಿನ ಕಣ್ತಪ್ಪಿ ಉಳಿದಿದೆ. ಕಡ್ಡಾಯವಿಲ್ಲದಿದ್ದರೂ ಗುರುತು ಹಾಕಿಸಿದ ಓಲೆಯನ್ನೇ ಕೇಳಿ ಪಡೆಯಿರಿ. ಕಡ್ಡಿ ಸ್ವಲ್ಪ ಉದ್ದವಿರಲಿ, ಹಿಂದೆ ಚಪ್ಪಟೆ ತಿರುಪು ಇರಲಿ, ಮುಂದೆ ಚೂಪು ಮೂಲೆಗಳು, ತೂಗಾಡುವ ಮುತ್ತುಗಳು ಬೇಡ. ತಿರುಪನ್ನು ಹಾಲೆಗೆ ಒತ್ತುವಂತೆ ಬಿಗಿಯಬಾರದು. ಮೊದಲ ದಿನಗಳ ಊತಕ್ಕೆ ಎಡೆ ಬೇಕು. ಇಲ್ಲದಿದ್ದರೆ ಓಲೆ ಚರ್ಮದೊಳಗೆ ಹುದುಗಿಹೋಗಿ ವೈದ್ಯರು ಕೊಯ್ದು ತೆಗೆಯಬೇಕಾದೀತು.

ಚುಚ್ಚುವುದು ಒಂದು ಕ್ಷಣದ ಕೆಲಸ, ಆರೈಕೆ ಆರರಿಂದ ಎಂಟು ವಾರದ್ದು. ದಿನಕ್ಕೆರಡು ಸಲ, ಸೋಪಿನಲ್ಲಿ ಕೈ ತೊಳೆದುಕೊಂಡು, ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು ಕರಗಿಸಿ, ಶುಭ್ರ ಹತ್ತಿಯಲ್ಲಿ ಅದ್ದಿ ಮುಂದೆ ಹಿಂದೆ ಒರೆಸಿ, ಒತ್ತಿ ಒಣಗಿಸಿ. ಅಷ್ಟೇ. ಓಲೆ ತಿರುಗಿಸಬೇಕೋ ಬೇಡವೋ ಎಂಬುದರಲ್ಲಿ ವೈದ್ಯರಲ್ಲೇ ಎರಡು ಮತಗಳಿವೆ. ಒಣಗಿದ ಹಕ್ಕಳೆ ನೆನೆಯುವ ಮುಂಚೆ ತಿರುಗಿಸಿದರೆ ಅದು ಒಳಗೆ ಎಳೆದುಕೊಂಡು ಹೋಗಿ ಗಾಯ ಮತ್ತೆ ಹಸಿಯಾಗುತ್ತದೆ. ಅರಿಶಿನದ ಪುಡಿ, ಬಚ್ಚಲುಮನೆಯ ಕೊಬ್ಬರಿ ಎಣ್ಣೆ, ಬೂದಿ, ಸುಣ್ಣ ಯಾವುದೂ ಬೇಡ. ಅರಿಶಿನಕ್ಕೆ ಒಳ್ಳೆಯ ಗುಣಗಳಿರಬಹುದು, ಆದರೆ ಅಡುಗೆಮನೆಯ ಡಬ್ಬದಲ್ಲಿರುವ ಪುಡಿ ಗಾಯಕ್ಕೆ ಹಾಕುವಷ್ಟು ಶುದ್ಧವಲ್ಲ. ತೂತು ಮುಚ್ಚದಿರಲೆಂದು ಪೊರಕೆಕಡ್ಡಿ, ಬೇವಿನಕಡ್ಡಿ ಸಿಕ್ಕಿಸುವ ಹಳೆಯ ರೂಢಿಯನ್ನು ಬಿಟ್ಟುಬಿಡಬೇಕು. ಕುಲಾವಿ, ಉಣ್ಣೆಯ ಟೋಪಿ, ತಲೆಯ ಮೇಲಿಂದ ಹಾಕುವ ಬಿಗಿ ಅಂಗಿಗಳಿಗೆ ಓಲೆ ಸಿಕ್ಕಿಕೊಳ್ಳುತ್ತದೆ. ಅಷ್ಟು ದಿನ ಮುಂದೆ ಗುಂಡಿ ಇರುವ ಬಟ್ಟೆ ಹಾಕಿ. ಕೆರೆ, ಹೊಳೆ, ಈಜುಕೊಳ ಸದ್ಯಕ್ಕೆ ದೂರ.

ಮೊದಲ ಎರಡು ಮೂರು ದಿನ ಸ್ವಲ್ಪ ಕೆಂಪು, ಮುಟ್ಟಿದರೆ ನೋವು ಸಹಜ. ಆಮೇಲೆ ಕೆಂಪು ಹೆಚ್ಚುತ್ತ ಹೋದರೆ, ಹಾಲೆ ಬಿಸಿಯಾಗಿ ಊದಿದರೆ, ಹಳದಿ ಕೀವು ಬಂದರೆ, ಕೆಂಪು ಕೆನ್ನೆಯ ಕಡೆಗೆ ಹರಡಿದರೆ, ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಿ. ಗಾಬರಿಯಲ್ಲಿ ಓಲೆ ಕಿತ್ತುಬಿಡಬೇಡಿ. ತೂತು ಮುಚ್ಚಿಕೊಂಡರೆ ಕೀವು ಒಳಗೇ ಉಳಿಯಬಹುದು.

ಕೆಲವು ಮಕ್ಕಳಿಗೆ ಚುಚ್ಚಿಸುವ ಮುಂಚೆಯೇ ವೈದ್ಯರ ಸಲಹೆ ಬೇಕು. ಹೃದಯದಲ್ಲಿ ಹುಟ್ಟಿನಿಂದ ದೋಷವಿದ್ದರೆ, ಕಿವಿಯ ಬಳಿ ಇಸುಬು ಇದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ನಡೆಯುತ್ತಿದ್ದರೆ. ಮನೆಯಲ್ಲಿ ಯಾರಿಗಾದರೂ ಗಾಯ ಮಾಯ್ದ ಮೇಲೆ ಗಂಟಿನಂತೆ ಬೆಳೆಯುವ ಕಿಲಾಯ್ಡ್ ಇದ್ದರೆ ಚುಚ್ಚಿಸಬೇಕೇ ಎಂದೇ ಯೋಚಿಸಿ. ಚುಚ್ಚಿಸುವುದಾದರೆ ಹನ್ನೊಂದು ವರ್ಷದೊಳಗೆ ಮಾಡಿಸುವುದು ವಾಸಿ, ಆಮೇಲೆ ಆ ಗಂಟು ಬರುವ ಸಾಧ್ಯತೆ ಹೆಚ್ಚು. ಇನ್ನೊಂದು, ಹಿಮೋಫಿಲಿಯಾ. ರಕ್ತ ಹೆಪ್ಪುಗಟ್ಟದ ಈ ಕಾಯಿಲೆ ತಾಯಿಯ ಮೂಲಕ ಗಂಡುಮಗುವಿಗೆ ಇಳಿಯುತ್ತದೆ. ತಾಯಿಗೆ ಏನೂ ತೋರದೆ ಇರಬಹುದು, ಅವಳ ಅಣ್ಣ ತಮ್ಮಂದಿರಲ್ಲಿ ಕಾಣಿಸಿಕೊಂಡಿರಬಹುದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಮುಂಚೆ ಸೋದರಮಾವನಿಗೆ ಅಂಥ ತೊಂದರೆಯೇನಾದರೂ ಇತ್ತೇ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಅಂಗಡಿಯಾಗಲಿ ಕ್ಲಿನಿಕ್ಕಾಗಲಿ, ಒಳಗೆ ಹೋದಮೇಲೆ ಸಂಕೋಚ ಬೇಡ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲು ಹೇಳಿ. ಕೈ ತೊಳೆದಿರಾ ಎಂದು ಕೇಳಿ. ಗನ್ನಾದರೆ ಹಿಂದಿನ ಮಗುವಿಗೆ ಮುಟ್ಟಿದ ಯಾವ ಭಾಗ ನಮ್ಮ ಮಗುವಿಗೂ ಮುಟ್ಟುತ್ತದೆ ಎಂದು ಕೇಳಿ. ಉತ್ತರ ಸಮಾಧಾನ ತರದಿದ್ದರೆ ಮುಹೂರ್ತ ಮೀರಿದರೂ ಚಿಂತಿಸದೆ ಮಗುವನ್ನು ಎತ್ತಿಕೊಂಡು ಹೊರಗೆ ಬನ್ನಿ. ಒಳ್ಳೆಯ ದಿನ ಮುಂದಿನ ಶುಕ್ಲಪಕ್ಷದಲ್ಲೂ ಸಿಗುತ್ತದೆ.